ಕಂಠ ಒಬ್ಬರದು, ಮುಖ ಒಬ್ಬರದು

‘ಪ್ರೊಫೆಷನಲ್ ಆಗಿ ಕಾಣಬೇಕು’ ಎಂಬ ಮಾತು ಈಚೆಗೆ ನಮ್ಮ ಕಾಲೇಜಿನ ಹುಡುಗರ ಬಾಯಲ್ಲಿ ಮಂತ್ರವಾಗಿಬಿಟ್ಟಿದೆ. ಭಿತ್ತಿಪತ್ರಿಕೆಯಾಗಲಿ, ವಾರ್ಷಿಕೋತ್ಸವದ ಆಹ್ವಾನಪತ್ರವಾಗಲಿ, ಅವರಿಗೆ ಎಲ್ಲಕ್ಕೂ ಅದೊಂದೇ ಅಳತೆಗೋಲು. ಮೊದಮೊದಲು ನಾನು ಅದನ್ನು ಕೇಳಿಯೂ ಕೇಳದವನಂತೆ ಇದ್ದುಬಿಡುತ್ತಿದ್ದೆ. ಆದರೆ ವ್ಯಾಕರಣ ಪಾಠ ಹೇಳುವವನಿಗೆ ಒಂದು ಚಾಳಿ. ವಾಕ್ಯವೊಂದು ಕಿವಿಗೆ ಬಿದ್ದರೆ ಮೊದಲು ಅದರ ಕ್ರಿಯಾಪದವನ್ನು ಹುಡುಕುತ್ತಾನೆ. ಇಲ್ಲಿ ಅವರು ‘ಆಗಬೇಕು’ ಎನ್ನುತ್ತಿಲ್ಲ, ‘ಕಾಣಬೇಕು’ ಎನ್ನುತ್ತಿದ್ದಾರೆ. ಆಗದೆಯೇ ಕಾಣಬಹುದೆ? ಕಾಣಬಹುದಾದರೆ, ಹಾಗೆ ಕಾಣಿಸಿಕೊಳ್ಳುವುದು ಎಲ್ಲಿಯವರೆಗೆ ಸೌಜನ್ಯ, ಎಲ್ಲಿಂದ ಮುಂದಕ್ಕೆ ವಂಚನೆ? ಪ್ರಶ್ನೆ ಕೇಳುವುದಕ್ಕೆ ಸಣ್ಣದು. ಉತ್ತರ ಹೇಳಹೊರಟರೆ ಕಾಲಿಗೆ ತೊಡರುತ್ತದೆ.

ನನಗೆ ಅದು ತೊಡರಿದ್ದು ಒಂದು ಹಾಡಿನ ವಿಡಿಯೋದ ದೆಸೆಯಿಂದ. ಕೈಯಲ್ಲಿ ಒಂದು ಫೋನು ಇದ್ದರೆ ಈಗ ಯಾರು ಬೇಕಾದರೂ ನಾಲ್ಕು ನಿಮಿಷದ ಹಾಡನ್ನು ಚಿತ್ರಿಸಿ ಲೋಕದ ಮುಂದೆ ಇಡಬಹುದು. ನಮ್ಮ ಎರಡನೆಯ ಬಿ.ಎ. ತರಗತಿಯ ಐದು ಮಂದಿ ಮಕ್ಕಳು ಅದಕ್ಕೆ ಕೈ ಹಾಕಿದರು. ಹಾಡು, ಅವರಲ್ಲಿ ಒಬ್ಬಳ ಅಜ್ಜಿ ಮಂಡ್ಯದ ಕಡೆಯ ಹಳ್ಳಿಯಲ್ಲಿ ರಾಗಿ ಬೀಸುವಾಗ ಹೇಳಿಕೊಳ್ಳುತ್ತಿದ್ದ ಪದ. ಹಾಡುವವಳು ಆ ಮೊಮ್ಮಗಳೇ. ತ್ರಿಪದಿಯ ವಿಚಾರವಾದ್ದರಿಂದ ಮೇಷ್ಟರೂ ಇರಲಿ ಎಂದು ನನ್ನನ್ನು ಸೇರಿಸಿಕೊಂಡರು. ಕ್ಯಾಮೆರಾದ ವಿಷಯದಲ್ಲಿ ನಾನು ಅವರ ಶಿಷ್ಯ. ಇಲ್ಲಿ ಬರೆಯುತ್ತಿರುವ ತಾಂತ್ರಿಕ ಸಂಗತಿಗಳಲ್ಲಿ ಅರ್ಧ ಅವರಿಂದ ಕಲಿತದ್ದು. ಇನ್ನರ್ಧ, ಅವರೊಡನೆ ವಾದಕ್ಕೆ ನಿಲ್ಲಬೇಕಾಗಿ ಬಂದಾಗ ಓದಿಕೊಂಡದ್ದು.

ಹವ್ಯಾಸಿ, ವೃತ್ತಿ ಎಂಬ ಜೋಡಿಪದಗಳು ಕನ್ನಡಿಗರಿಗೆ ಹೊಸವೇನಲ್ಲ. ನಾವು ಅವನ್ನು ಹೆಚ್ಚಾಗಿ ಕೇಳಿರುವುದು ರಂಗಭೂಮಿಯ ಪ್ರಸಂಗದಲ್ಲಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮುಂದೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ನಿಲ್ಲಿಸಿತು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತು. ಹವ್ಯಾಸಿಗಳ ಆ ಲೋಕಕ್ಕೆ ಕೈಲಾಸಂ ಬಂದರು. ರಾಜರ ಬದಲು ಗುಮಾಸ್ತರನ್ನು ತಂದರು, ದರ್ಬಾರಿನ ಬದಲು ನಡುಮನೆಯನ್ನು ತಂದರು, ಮನೆಯಲ್ಲಿ ಆಡುವ ಮಾತನ್ನೇ ಆಡಿಸಿದರು. ನಾನು ಗಮನಿಸುವುದು ಇಷ್ಟನ್ನು: ಆಗಿನ ಹವ್ಯಾಸಿಗೆ ಕಂಪನಿಯವರಂತೆ ಕಾಣಬೇಕೆಂಬ ಹಂಬಲವಿರಲಿಲ್ಲ. ಹಾಗೆ ಕಾಣಬಾರದೆಂಬುದೇ ಅವನ ಹಟ. ಇಂಗ್ಲಿಷಿನ ‘ಅಮೆಚೂರ್’ ಪದದ ಬೇರು ಲ್ಯಾಟಿನ್ನಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಪ್ರೀತಿಸುವವನು ಎಂದರ್ಥ. ನಮ್ಮ ‘ವೃತ್ತಿ’ಗೆ ನಡತೆ ಎಂಬ ಅರ್ಥವುಂಟು, ಜೀವನೋಪಾಯ ಎಂಬ ಅರ್ಥವುಂಟು, ಭರತನ ನಾಟ್ಯಶಾಸ್ತ್ರದಲ್ಲಿ ಭಾರತೀ, ಸಾತ್ವತೀ, ಕೈಶಿಕೀ, ಆರಭಟೀ ಎಂದು ನಾಲ್ಕು ಬಗೆಯ ನಾಟ್ಯರೀತಿಗಳಿಗೂ ಅದೇ ಹೆಸರು. ಇಷ್ಟು ಅರ್ಥಗಳಲ್ಲಿ ಒಂದೂ ಹೊರಗಿನ ಥಳಕನ್ನು ಹೇಳುವುದಿಲ್ಲ.

ಹಾಗೆಂದು ಮಕ್ಕಳ ಆಸೆಯನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಮನೆಗೆ ನಾಲ್ಕು ಜನ ಬರುತ್ತಾರೆಂದರೆ ನಾವು ಅಂಗಳ ಗುಡಿಸಿ ನೀರು ಚಿಮುಕಿಸುತ್ತೇವೆ. ನಡುಗುವ ಚಿತ್ರ, ಗಾಳಿಯ ಭರಾಟೆಯಲ್ಲಿ ಮುಳುಗಿದ ದನಿ, ಯಾರ ಮುಖವೋ ತಿಳಿಯದ ಮಬ್ಬು, ಇವು ಅಂಗಳದಲ್ಲಿ ಬಿದ್ದ ಕಸ. ನೋಡುವವನು ತನ್ನ ಆಯುಷ್ಯದ ನಾಲ್ಕು ನಿಮಿಷವನ್ನು ನಮಗೆ ಕೊಡುತ್ತಾನೆ. ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ, ಅಷ್ಟು ಹೊತ್ತಿನಲ್ಲಿ 5,760 ಚಿತ್ರಗಳು ಅವನ ಕಣ್ಣ ಮುಂದೆ ಹಾಯುತ್ತವೆ. ಅವುಗಳ ವಿಷಯದಲ್ಲಿ ಎಚ್ಚರ ವಹಿಸುವುದು ಮರ್ಯಾದೆ. ಈ 24ರ ಲೆಕ್ಕವೂ ಯಾರೋ ಅಂದಕ್ಕಾಗಿ ಆರಿಸಿಕೊಂಡದ್ದಲ್ಲ. ಮೂಕಿಚಿತ್ರದ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ವೇಗ ಹೆಚ್ಚುಕಡಿಮೆಯಾದರೂ ನಡೆಯುತ್ತಿತ್ತು. 1920ರ ದಶಕದ ಕೊನೆಗೆ ಚಿತ್ರಕ್ಕೆ ಮಾತು ಬಂದಾಗ, ವೇಗ ಏರಿಳಿದರೆ ದನಿಯೂ ಏರಿಳಿಯುತ್ತದೆಂದು ಒಂದೇ ವೇಗವನ್ನು ಗೊತ್ತುಮಾಡಿದರು. ಅಂದರೆ ಚಿತ್ರ ಮೊದಲಿನಿಂದಲೂ ಹಾಡಿನ ಋಣದಲ್ಲಿದೆ.

ಇಷ್ಟು ತಿಳಿದರೆ ಕೆಲಸದ ಕ್ರಮವೂ ತಿಳಿಯುತ್ತದೆ. ಮೊದಲು ದನಿ. ಸದ್ದಿಲ್ಲದ ಕೋಣೆಯಲ್ಲಿ, ಕಿಟಕಿ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಫ್ಯಾನು ನಿಲ್ಲಿಸಿ ಹಾಡನ್ನು ಮುದ್ರಿಸಿಕೊಳ್ಳಬೇಕು. ಆಮೇಲೆ ಬಯಲಿಗೆ ಹೋಗಿ ಅದೇ ಮುದ್ರಿಕೆಯನ್ನು ಗಟ್ಟಿಯಾಗಿ ಹಾಕಿ, ಹಾಡುವವರು ಅದರೊಂದಿಗೆ ತುಟಿ ಕೂಡಿಸುವಾಗ ಚಿತ್ರಿಸಬೇಕು. ಪೂರ್ತಿ ಹಾಡನ್ನು ಒಮ್ಮೆ ದೂರದಿಂದ, ಒಮ್ಮೆ ಪಕ್ಕದಿಂದ, ಒಮ್ಮೆ ಹತ್ತಿರದಿಂದ ಹೀಗೆ ನಾಲ್ಕಾರು ಸಲ ಚಿತ್ರಿಸಿ ಆಮೇಲೆ ಕತ್ತರಿಸಿ ಜೋಡಿಸುವುದು. ಇದರಲ್ಲಿ ಒಂದು ಸ್ವಾರಸ್ಯವಿದೆ. ಬರಿಯ ತುಟಿ ಆಡಿಸಿದರೆ ನೋಡುವವರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಕೊರಳ ನರ ಬಿಗಿಯುವುದಿಲ್ಲ, ಎದೆ ಏರುವುದಿಲ್ಲ. ಆದ್ದರಿಂದ ಬಲ್ಲವರು, ಕ್ಯಾಮೆರಾದ ಮುಂದೆಯೂ ನಿಜವಾಗಿಯೇ ಬಾಯಿಬಿಟ್ಟು ಹಾಡು, ಆ ದನಿ ಯಾರಿಗೂ ಕೇಳಿಸದಿದ್ದರೂ ಚಿಂತೆಯಿಲ್ಲ ಎನ್ನುತ್ತಾರೆ. ಸೋಗು ಕೂಡ ನಿಲ್ಲಬೇಕಾದರೆ ಒಳಗೆ ಒಂದಿಷ್ಟು ನಿಜ ಬೇಕಾಗುತ್ತದೆ!

ತಿರುಗುಮುರುಗಾದ ಉದಾಹರಣೆಯೂ ಉಂಟು. ‘ಓಕೆ ಗೋ’ ಎಂಬ ಅಮೆರಿಕದ ತಂಡದವರು ವೃತ್ತಿಯ ಗಾಯಕರು. 2005ರಲ್ಲಿ ಅವರು ತಮ್ಮಲ್ಲೊಬ್ಬನ ಮನೆಯ ಹಿತ್ತಿಲಲ್ಲಿ, ಕ್ಯಾಮೆರಾವನ್ನು ಒಂದೆಡೆ ನಿಲ್ಲಿಸಿ, ಕತ್ತರಿಯಿಲ್ಲದೆ ತಮ್ಮ ಕುಣಿತವನ್ನು ಚಿತ್ರಿಸಿ ಹಂಚಿದರು. ಮರುವರ್ಷ 8 ಟ್ರೆಡ್‌ಮಿಲ್ಲುಗಳ ಮೇಲೆ ಕುಣಿದರು. 2007ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ವೃತ್ತಿಯವರು ಹವ್ಯಾಸಿಗಳಂತೆ ಕಂಡರೆ ಅದನ್ನು ಯಾರೂ ವಂಚನೆ ಎನ್ನುವುದಿಲ್ಲ, ಸರಳತೆ ಎನ್ನುತ್ತಾರೆ. ಸಿರಿವಂತರು ಖಾದಿ ಉಟ್ಟಾಗಲೂ ಹಾಗೆಯೇ ಅನ್ನುತ್ತೇವಲ್ಲವೆ!

ಇರಲಿ. ನಮ್ಮ ತೊಡಕು ಬಂದದ್ದು ಮುಖದ ವಿಷಯದಲ್ಲಿ. ನಸುಕಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಪ್ರಯೋಗಕ್ಕೆಂದು ಒಂದಿಷ್ಟು ಚಿತ್ರಿಸಿಕೊಂಡು ಬಂದ ಹುಡುಗರು ಮಾರನೆಯ ದಿನ ನನ್ನ ಕೋಣೆಗೆ ಬಂದು ಗೋಡೆ ನೋಡುತ್ತ ನಿಂತರು. ಕೊನೆಗೆ ಕ್ಯಾಮೆರಾ ಹಿಡಿಯುವವನು ಬಾಯಿಬಿಟ್ಟ: “ಸಾರ್, ಹಾಡು ಅವಳದೇ ಇರಲಿ. ಮುಖ ಮಾತ್ರ ಬೇರೆಯವರದು ಹಾಕೋಣ ಅಂತ. ಅವಳ ಮುಖ ಕ್ಯಾಮೆರಾಕ್ಕೆ ಬರಲ್ಲ ಸಾರ್.” ಹಾಡುವ ಹುಡುಗಿ ಕಪ್ಪು. ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಇನ್ನೊಬ್ಬಳು ಬೆಳ್ಳಗಿನ, ಎತ್ತರದ ಹುಡುಗಿ. ಹಾಡುವವಳನ್ನು ಕೇಳಿದ್ದಾಯಿತೋ ಎಂದೆ. “ಕೇಳಿದ್ವಿ ಸಾರ್, ಪರವಾಗಿಲ್ಲ ಅಂದ್ಲು.” ಆ ‘ಪರವಾಗಿಲ್ಲ’ ನಮ್ಮ ಭಾಷೆಯ ಅತ್ಯಂತ ಕಷ್ಟದ ಪದಗಳಲ್ಲಿ ಒಂದು, ಅದರ ಅರ್ಥ ಹೇಳಿದವರ ದನಿಯಲ್ಲಿರುತ್ತದೆಯೇ ಹೊರತು ನಿಘಂಟಿನಲ್ಲಿ ಇರುವುದಿಲ್ಲ.

ಮಕ್ಕಳ ಕಡೆಗೆ ಬಲವಾದ ವಾದವಿತ್ತು. ಕಂಠ ಒಬ್ಬರದು, ಮುಖ ಒಬ್ಬರದು ಎಂಬ ಏರ್ಪಾಡನ್ನು ಈ ದೇಶದಲ್ಲಿ ಯಾರು ಒಪ್ಪಿಲ್ಲ? ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು 1935ರಲ್ಲಿ ‘ಭಾಗ್ಯಚಕ್ರ’ ಎಂಬ ಬಂಗಾಳಿ ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ತಂದಾಗಿನಿಂದ ನಾವು ಅದರಲ್ಲೇ ಬೆಳೆದವರು. 1974ರ ‘ಸಂಪತ್ತಿಗೆ ಸವಾಲ್’ ಬರುವವರೆಗೆ ರಾಜಕುಮಾರರ ಬಹುಪಾಲು ಹಾಡುಗಳು ಪಿ. ಬಿ. ಶ್ರೀನಿವಾಸರ ಕಂಠದಿಂದ ಬಂದವು. ರಾಜಕುಮಾರರು ಮೋಸ ಮಾಡಿದರೆಂದು ಯಾವ ಕನ್ನಡಿಗನಾದರೂ ಹೇಳಿದ್ದುಂಟೆ? ಇಬ್ಬರನ್ನೂ ಒಟ್ಟಿಗೆ ಪ್ರೀತಿಸಿದೆವು. ಯಾರದು ಯಾವುದೆಂದು ನಮಗೆ ತಿಳಿದಿತ್ತು.

ಈ ‘ತಿಳಿದಿತ್ತು’ ಎಂಬಲ್ಲಿ ವಿಷಯದ ಗಂಟು ಇದೆ. 1949ರ ‘ಮಹಲ್’ ಎಂಬ ಹಿಂದಿ ಚಿತ್ರದಲ್ಲಿ ಮಧುಬಾಲಾ ಅವರ ಮುಖಕ್ಕೆ ಲತಾ ಮಂಗೇಶ್ಕರ್ ಹಾಡಿದರು. ಆ ಹಾಡಿನ ಗ್ರಾಮಾಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರಿದ್ದ ಜಾಗದಲ್ಲಿ ಮುದ್ರಿಸಿದ್ದು ಪಾತ್ರದ ಹೆಸರನ್ನು: ‘ಕಾಮಿನಿ’. ತಟ್ಟೆಯನ್ನು ಹಣ ಕೊಟ್ಟು ಕೊಂಡವನಿಗೆ ಹಾಡಿದವರು ಯಾರೆಂಬುದು ತಿಳಿಯುವಂತಿರಲಿಲ್ಲ. ಇನ್ನೊಂದು ತುದಿಯಲ್ಲಿ ‘ಮಿಲಿ ವನಿಲಿ’ ಎಂಬ ಜೋಡಿ. ಇಬ್ಬರು ಚೆಲುವರಾದ ತರುಣರು ಕುಣಿದರು, ಹಾಡಿದವರು ಬೇರೆ. ಆದರೆ ಗಾಯಕರೆಂದು ಹೆಸರು ಹಾಕಿಸಿಕೊಂಡವರು ಕುಣಿದವರು. 1990ರಲ್ಲಿ ಅವರಿಗೆ ಗ್ರ್ಯಾಮಿ ಬಂತು. ನಿಜ ಹೊರಬಿದ್ದು ಅದೇ ವರ್ಷ ಅದನ್ನು ಹಿಂದಕ್ಕೆ ಪಡೆದರು. ನಮ್ಮ ನಟರು ಮಾಡಿದ್ದಕ್ಕಿಂತ ಬೇರೆ ಕೆಲಸವನ್ನೇನೂ ಆ ತರುಣರು ಮಾಡಲಿಲ್ಲ. ಅವರೂ ತುಟಿ ಆಡಿಸಿದರು, ಅಷ್ಟೆ. ತಪ್ಪಾದದ್ದು ತುಟಿಯಲ್ಲಲ್ಲ, ಹೆಸರಿನಲ್ಲಿ. ತಂತ್ರ ಒಂದೇ ಆಗಿದ್ದರೂ ನೋಡುವವನಿಗೆ ಕೊಟ್ಟ ಮಾತು ಬೇರೆಯಾದರೆ ಒಂದು ಕಡೆ ಕಲೆ, ಇನ್ನೊಂದು ಕಡೆ ವಂಚನೆ.

ಹಾಗಾದರೆ ಕೊನೆಯಲ್ಲಿ ‘ಹಾಡಿದವರು ಇಂಥವರು’ ಎಂದು ಅಕ್ಷರದಲ್ಲಿ ಹಾಕಿಬಿಟ್ಟರೆ ನಮ್ಮ ತೊಡಕು ತೀರಿತಲ್ಲ? ಹುಡುಗರೂ ಅದನ್ನೇ ಅಂದರು. ನೋಡುವವನ ಪಾಲಿಗೆ ತೀರಿತು, ನಿಜ. ಆದರೆ ನ್ಯಾಯ ಸಲ್ಲಬೇಕಾದವನು ನೋಡುವವನೊಬ್ಬನೇ ಎಂದು ಯಾರು ಹೇಳಿದರು? ಅಜ್ಜಿಯ ಪದ ಅವಳದು, ದನಿ ಅವಳದು. ಅವಳನ್ನು ಪರದೆಯ ಹಿಂದೆ ನಿಲ್ಲಿಸಿ ಹಾಡಿಸುವುದಕ್ಕೆ ಇರುವ ಕಾರಣ, ಆಕೆ ‘ಪ್ರೊಫೆಷನಲ್ ಆಗಿ’ ಕಾಣುವುದಿಲ್ಲ ಎಂಬುದು. ಆ ಪದಕ್ಕೆ ಒಂದು ಬಣ್ಣ ಬಂದು ಸೇರಿಕೊಂಡದ್ದು ಯಾವಾಗ? ಮಕ್ಕಳಿಗೆ ಕೆಟ್ಟ ಬುದ್ಧಿಯಿತ್ತೆಂದು ನಾನು ಹೇಳುವುದಿಲ್ಲ. ಅವರು ನೂರಾರು ವಿಡಿಯೋ ನೋಡಿದ್ದಾರೆ. ನೋಡಿದ್ದರಲ್ಲೆಲ್ಲ ಒಂದೇ ಬಗೆಯ ಮುಖ. ‘ಕಾಣಬೇಕು’ ಎಂಬ ಕ್ರಿಯಾಪದದ ಅಪಾಯ ಇರುವುದು ಇಲ್ಲಿ. ‘ಆಗಬೇಕು’ ಎನ್ನುವವನು ಕೆಲಸದ ಕಡೆಗೆ ನೋಡುತ್ತಾನೆ. ‘ಕಾಣಬೇಕು’ ಎನ್ನುವವನು ಬೇರೆಯವರು ಈಗಾಗಲೇ ಮಾಡಿಟ್ಟದ್ದರ ಕಡೆಗೆ ನೋಡುತ್ತಾನೆ, ಅದರ ಗುಣದೊಡನೆ ಅದರ ದೋಷವನ್ನೂ ತಿಳಿಯದೆ ತಂದುಕೊಳ್ಳುತ್ತಾನೆ.

ಅವರು ತೆಗೆದುಕೊಂಡು ಬಂದಿದ್ದ ಚಿತ್ರವನ್ನು ನೋಡಿದೆ. ಮುಖ ಇದ್ದಲುಗಪ್ಪಾಗಿತ್ತು, ಕಣ್ಣು ಮೂಗು ಒಂದೂ ತಿಳಿಯುತ್ತಿರಲಿಲ್ಲ. ಆದರೆ ಅವಳ ಬೆನ್ನ ಹಿಂದೆ ಕೆರೆಯ ನೀರು ಬೆಳ್ಳಿಯಂತೆ ಹೊಳೆಯುತ್ತಿತ್ತು. ಫೋನಿನ ಕ್ಯಾಮೆರಾ ಚೌಕಟ್ಟಿನ ಬೆಳಕನ್ನೆಲ್ಲ ಸೇರಿಸಿ ಸರಾಸರಿ ತೆಗೆದು, ಅದನ್ನು ನಡುವಣ ಬೂದು ಬಣ್ಣಕ್ಕೆ ಹೊಂದಿಸಿಕೊಳ್ಳುತ್ತದೆ. ಹಿಂದೆ ಅಷ್ಟು ಬೆಳಕಿದ್ದರೆ ಅದು ಎಲ್ಲವನ್ನೂ ಮಂಕುಮಾಡುತ್ತದೆ, ಮುಂದಿರುವ ಮುಖ ಕತ್ತಲಿಗೆ ಬೀಳುತ್ತದೆ. ಬೆಳ್ಳಗಿನ ಮುಖವಾದರೆ ಹೇಗೋ ಅರ್ಧ ಉಳಿದುಕೊಳ್ಳುತ್ತದೆ, ಕಪ್ಪು ಮುಖ ಪೂರ್ತಿ ಅಳಿಸಿಹೋಗುತ್ತದೆ. ಕ್ಯಾಮೆರಾ ನಿಷ್ಪಕ್ಷಪಾತಿ ಎಂದು ನಂಬಿರುವವರು ಅದರ ಚರಿತ್ರೆಯನ್ನು ಸ್ವಲ್ಪ ಓದಬೇಕು. ಕೊಡಕ್ ಕಂಪನಿಯವರು 1950ರ ದಶಕದಿಂದ ಬಣ್ಣದ ಚಿತ್ರಗಳ ಹದ ನೋಡುವುದಕ್ಕೆ ಛಾಪಖಾನೆಗಳಿಗೆ ಕಳಿಸುತ್ತಿದ್ದ ಮಾದರಿ ಕಾರ್ಡಿನ ಮೇಲೆ ಒಬ್ಬ ಬಿಳಿಯ ಹೆಂಗಸಿನ ಚಿತ್ರವಿತ್ತು. ಮೊದಲ ಕಾರ್ಡಿಗೆ ನಿಂತವಳ ಹೆಸರಿನಿಂದ ಅವನ್ನು ‘ಶರ್ಲಿ ಕಾರ್ಡು’ ಎಂದು ಕರೆದರು. ಆ ಮುಖ ಸರಿಯಾಗಿ ಬಂದರೆ ಬಣ್ಣ ಸರಿ! ಕಂದು ಬಣ್ಣದ ಛಾಯೆಗಳು ಸರಿಯಾಗಿ ಬರುವುದಿಲ್ಲವೆಂದು ಚಾಕೊಲೇಟು ಮಾಡುವವರೂ ಮರದ ಪೀಠೋಪಕರಣ ಮಾಡುವವರೂ ದೂರಿದ ಮೇಲೆ ಫಿಲ್ಮನ್ನು ತಿದ್ದಿದರೆಂಬುದನ್ನು ಓದಿ ನಾನು ನಗಬೇಕೋ ಬೇಡವೋ ತಿಳಿಯದೆ ಕುಳಿತಿದ್ದೆ. ಜನ ಕೇಳಿದ್ದು ಸಾಲದೆ ಹೋಯಿತು, ಮೇಜು ಕುರ್ಚಿಗಳು ಕೇಳಬೇಕಾಯಿತು.

ನಮ್ಮ ಕೆಲಸಕ್ಕೆ ಫಿಲ್ಮು ತಿದ್ದಬೇಕಾಗಿರಲಿಲ್ಲ. ಹುಡುಗಿಯನ್ನು ಕೆರೆಗೆ ಬೆನ್ನು ಮಾಡಿಸದೆ, ಬೆಳಕು ಪಕ್ಕದಿಂದ ಬೀಳುವಂತೆ ನಿಲ್ಲಿಸಿದರು. ಇನ್ನೊಂದು ಪಕ್ಕದಲ್ಲಿ ಇಬ್ಬರು ನನ್ನ ಬಿಳಿಯ ಪಂಚೆಯನ್ನು ಬಿಗಿಯಾಗಿ ಹಿಡಿದರು. ಅದರಿಂದ ಮರಳಿದ ಬೆಳಕು ಕೆನ್ನೆಯ ಮೇಲೆ ಬಿತ್ತು. ಫೋನಿನ ಪರದೆಯ ಮೇಲೆ ಅವಳ ಮುಖವಿರುವ ಕಡೆ ಬೆರಳೊತ್ತಿ ಹಿಡಿದು ಬೆಳಕಿನ ಅಳತೆಯನ್ನು ಅಲ್ಲಿಗೇ ನಿಲ್ಲಿಸಿದರು. ಚಿತ್ರ ಬಂತು ನೋಡಿ! ಕಪ್ಪು ಕಪ್ಪಾಗಿಯೇ ಇತ್ತು, ಮುಖ ಮುಖವಾಗಿತ್ತು. ಬಲ್ಲ ಛಾಯಾಗ್ರಾಹಕ ಯಾವ ಮುಖವೂ ಕ್ಯಾಮೆರಾಕ್ಕೆ ಬರುವುದಿಲ್ಲ ಎನ್ನಲಾರ. ಬರುವಂತೆ ಮಾಡುವುದೇ ಅವನ ವೃತ್ತಿ. ನಾನು ಗೆದ್ದೆನೆಂದು ಒಳಗೊಳಗೇ ಹಿಗ್ಗುತ್ತಿರುವಾಗ ಹುಡುಗಿ ಚಿತ್ರವನ್ನು ಎರಡು ಸಲ ನೋಡಿ ಫೋನನ್ನು ಹಿಂದಕ್ಕೆ ಕೊಟ್ಟಳು.

“ಚೆನ್ನಾಗಿದೆ ಸಾರ್. ಅದಕ್ಕೇ ಬೇಡ.”

“ಯಾಕಮ್ಮ?”

“ನಾನು ಅಂತ ಗುರುತು ಸಿಗತ್ತೆ. ಊರಲ್ಲಿ ಎಲ್ಲರ ಫೋನಿಗೂ ಬರತ್ತೆ. ಅಪ್ಪನಿಗೆ ಮಾತು ಬರತ್ತೆ ಸಾರ್.”

ನನ್ನ ಸಿದ್ಧಾಂತದಲ್ಲಿ ಇದಕ್ಕೆ ಜಾಗವಿರಲಿಲ್ಲ. ಅವಳ ಮುಖವನ್ನು ಮರೆಮಾಡಬಾರದೆಂದು ನಾನು ಅವಳ ಪರವಾಗಿ ವಾದಿಸುತ್ತಿದ್ದರೆ, ಮರೆಯಲ್ಲಿರುವ ಹಕ್ಕನ್ನು ಅವಳು ಕೇಳುತ್ತಿದ್ದಳು. ಆ ಹಕ್ಕನ್ನು ಅವಳಿಗೆ ಬೇಕೆನಿಸುವಂತೆ ಮಾಡಿದ ಊರು ಸರಿಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ಇತ್ಯರ್ಥ ಮಾಡುವುದಕ್ಕೆ ಇಪ್ಪತ್ತು ವರ್ಷದ ಹುಡುಗಿಯ ಮುಖವನ್ನು ಮುಂದಕ್ಕೆ ತಳ್ಳಲು ಮೇಷ್ಟರಿಗೆ ಯಾವ ಅಧಿಕಾರ? ಆದರೆ ಬೆಳ್ಳಗಿನ ಹುಡುಗಿಯ ಮುಖಕ್ಕೆ ಮಾತ್ರ ಅವಳು ಈಗ ಒಪ್ಪಲಿಲ್ಲ. ಮೊದಲು ‘ಪರವಾಗಿಲ್ಲ’ ಎಂದವಳು, ತನ್ನ ಮುಖ ಬರುತ್ತದೆಂದು ಕಂಡ ಮೇಲೆ, ಬೇರೆ ಮುಖ ಬೇಡ ಎಂದಳು. ಯಾರ ಮುಖವೂ ಬೇಡ, ಅಜ್ಜಿಯ ಕಲ್ಲನ್ನು ತೋರಿಸಿ ಎಂದಳು.

ಹೀಗೆ ಎಲ್ಲರೂ ಒಂದು ಭಾನುವಾರ ಅವಳ ಊರಿಗೆ ಹೋದೆವು. ಅಷ್ಟರಲ್ಲಿ ಮಕ್ಕಳು ಮುದ್ರಿಸಿದ್ದ ಹಾಡು ತಯಾರಾಗಿಯೇ ಇತ್ತು. ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ತಾಳದ ಸದ್ದನ್ನು ಕೇಳಿಕೊಂಡು ಹಾಡಿದ್ದು. ಕತ್ತರಿಸಿ ಜೋಡಿಸುವಾಗ ಚಿತ್ರಗಳು ತಾಳಕ್ಕೆ ಸರಿಯಾಗಿ ಬೀಳಬೇಕಾದರೆ ಹಾಗೆ ಮಾಡಬೇಕಂತೆ. ಉಸಿರು ಎಳೆಯುವ ಸದ್ದುಗಳನ್ನು ಅಳಿಸಿದ್ದರು. ಎರಡು ಕಡೆ ಶ್ರುತಿ ತುಸು ಇಳಿದದ್ದನ್ನು ಯಂತ್ರದಿಂದ ಎತ್ತಿ ಕೂರಿಸಿದ್ದರು. ಶ್ರುತಿ ತಿದ್ದುವ ಈ ಉಪಾಯವನ್ನು 1997ರಲ್ಲಿ ‘ಆಟೋ-ಟ್ಯೂನ್’ ಎಂದು ಮಾರಾಟಕ್ಕೆ ತಂದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮುಂಚೆ, ನೆಲದೊಳಗೆ ಎಣ್ಣೆ ಹುಡುಕುವವರಿಗಾಗಿ ಭೂಮಿಯ ಕಂಪನಗಳ ಲೆಕ್ಕ ಹಾಕುತ್ತಿದ್ದವರು. ಕೇಳುವುದಕ್ಕೆ ಹಾಡು ಚೊಕ್ಕವಾಗಿತ್ತು, ದೂರು ಹೇಳುವಂತಿರಲಿಲ್ಲ.

ದನದ ಕೊಟ್ಟಿಗೆಯ ಮೂಲೆಯಲ್ಲಿದ್ದ ಕಲ್ಲನ್ನು ತೊಳೆದು, ಗೂಟ ಬಿಗಿದು, ಹಿಡಿ ರಾಗಿ ಹಾಕಿ ಮೊಮ್ಮಗಳು ಕೂತಳು. ಪಕ್ಕದಲ್ಲಿ ಮುದ್ರಿಕೆಯನ್ನು ಹಾಕಿದರು. ಕೈ ಒಂದು ಕಡೆ, ಹಾಡು ಒಂದು ಕಡೆ. ಕಲ್ಲಿನ ಸುತ್ತಿಗೂ ತಾಳಕ್ಕೂ ಹೊಂದಿಕೆಯೇ ಆಗಲಿಲ್ಲ. ನಾಲ್ಕು ಸಲ ನೋಡಿದರು. ಗೋಡೆಗೆ ಒರಗಿ ಕೂತಿದ್ದ ಅಜ್ಜಿ, “ಅದನ್ನ ಆರಿಸ್ರಪ್ಪ. ಕಲ್ಲು ಕಾಯ್ತದಾ ನಿಮ್ಮ ಪದಕ್ಕೆ?” ಎಂದರು. ಆರಿಸಿದ ಮೇಲೆ ಹುಡುಗಿ ಬೀಸುತ್ತಲೇ ಹಾಡಿದಳು. ಗೂಟ ದೂರಕ್ಕೆ ಹೋಗುವಾಗ ಸಾಲು ಎಳೆಯಿತು. ಎದೆಯ ಹತ್ತಿರಕ್ಕೆ ಬರುವಾಗ ಉಸಿರು ಬಂತು. ಅಳಿಸಿಹಾಕಿದ್ದ ಉಸಿರುಗಳೆಲ್ಲ ಅವುಗಳ ಜಾಗದಲ್ಲಿದ್ದವು. ತ್ರಿಪದಿಯ ಮೂರನೆಯ ಸಾಲು ಹಾಗೇಕೆ ನಿಲ್ಲುತ್ತದೆಂದು ಹದಿನೆಂಟು ವರ್ಷದಿಂದ ಗಣಗಳ ಲೆಕ್ಕದಲ್ಲಿ ಪಾಠ ಹೇಳಿದ್ದೇನೆ. ಲೆಕ್ಕ ಸುಳ್ಳಲ್ಲ, ಆದರೆ ಅಲ್ಲಿ ಕೂತಾಗ ಕಾಣಿಸಿದ್ದು ತೋಳಿನ ಲೆಕ್ಕ.

ಆ ಮುದ್ರಣವನ್ನೇ ಇಟ್ಟುಕೊಂಡರು. ಜೋಡಿಸುವ ಹುಡುಗನಿಗೆ ಈಗಲೂ ಅಸಮಾಧಾನ. ಚಿತ್ರದ ತುಂಡುಗಳು ತಾಳದ ಮೇಲೆ ಬೀಳುವುದಿಲ್ಲ, ಎರಡನೆಯ ಪದದಲ್ಲಿ ಕಲ್ಲಿನ ಗರಗರ ದನಿಯನ್ನು ಮುಳುಗಿಸಿಬಿಟ್ಟಿದೆ ಎಂದು. ಅವನು ಹೇಳುವುದು ನಿಜ. ಅಲ್ಲಿ ಮಾತ್ರ ಹಾಡಿನ ಅಕ್ಷರಗಳನ್ನು ಕೆಳಗೆ ಹಾಕಿದ್ದಾನೆ. ಅಕ್ಷರ ದೊಡ್ಡದಾಗಿದೆ, ತಪ್ಪಿಲ್ಲದೆ ಇದೆ, ಓದುವುದಕ್ಕೆ ಸಾಕಾಗುವಷ್ಟು ಹೊತ್ತು ನಿಲ್ಲುತ್ತದೆ.

ಕೊನೆಯ ಹೆಸರುಗಳ ಸಾಲಿಗೆ ಮಾತ್ರ ಎರಡು ದಿನ ಹಿಡಿಯಿತು. ಅಜ್ಜಿ ತಮ್ಮ ಹೆಸರು ಬೇಡವೆಂದರು; ಪದ ತಮ್ಮದಲ್ಲ, ತಮ್ಮ ಅತ್ತೆ ಹೇಳುತ್ತಿದ್ದದ್ದು, ಅವರಿಗೆ ಯಾರು ಹೇಳಿಕೊಟ್ಟರೋ ಎಂದರು. ಹುಡುಗಿಯೂ ತನ್ನ ಹೆಸರು ಬೇಡವೆಂದಳು. ಹಾಗಾಗಿ ಪರದೆಯ ಮೇಲೆ ‘ಹಾಡಿದವರು: ಮೊಮ್ಮಗಳು’ ಎಂದಷ್ಟೇ ಇದೆ. 1949ರ ಆ ತಟ್ಟೆಯ ಮೇಲಿನ ‘ಕಾಮಿನಿ’ಯ ನೆನಪಾಗಿ ನನಗೆ ಸ್ವಲ್ಪ ಕಸಿವಿಸಿಯಾಯಿತು. ಅಲ್ಲಿ ಹೆಸರನ್ನು ಮರೆಸಿದವರು ಬೇರೆಯವರು, ಇಲ್ಲಿ ತಾನೇ ಬೇಡವೆಂದಿದ್ದಾಳೆ, ಎರಡೂ ಒಂದೇ ಅಲ್ಲವೆಂದು ಹುಡುಗರಿಗೆ ಹೇಳಿದೆ. ಅವರು ತಲೆಯಾಡಿಸಿದರು. ಕ್ಯಾಮೆರಾದ ಹುಡುಗ ಮಾತ್ರ, “ಹಾಗಾದ್ರೆ ಸಾರ್, ಮುಂದೆ ಯಾವತ್ತಾದ್ರೂ ಬೇಕು ಅಂದ್ರೆ ಹೆಸರು ಹಾಕೋ ಹಾಗೆ ಆ ಜಾಗ ಖಾಲಿ ಇಟ್ಟಿರ್ತೀನಿ” ಎಂದು, ‘ಮೊಮ್ಮಗಳು’ ಎಂಬುದರ ಮುಂದೆ ಒಂದು ಗೆರೆಯಷ್ಟು ಜಾಗ ಬಿಟ್ಟ.